ಹೇಸ್‌ನ ಗೋದಾಮು ಮತ್ತು ಹದಿನಾಲ್ಕನೆಯ ಜಾಗ

ಪಿನ್ನರ್: ಅಕ್ಟೋಬರ್ 12, ಭಾನುವಾರ

ಲಂಡನ್ನಿಗೆ ಹೋಗಿ ಬಂದೆ ಎಂದಕೂಡಲೇ ಎಲ್ಲರೂ ಅರಮನೆ ನೋಡಿದೆಯಾ, ಸೇತುವೆ ನೋಡಿದೆಯಾ ಎಂದು ಕೇಳುತ್ತಾರೆ. ನೋಡಲಿಲ್ಲ. 2003ರಲ್ಲಿ ನಾನು ಅಲ್ಲಿದ್ದ ಐದು ವಾರಗಳಲ್ಲಿ ಹೆಚ್ಚಾಗಿ ನೋಡಿದ್ದು ಒಂದು ಗೋದಾಮನ್ನು. ಅದು ಊರಿನ ಪಶ್ಚಿಮದ ಅಂಚಿನಲ್ಲಿ, ವಿಮಾನಗಳು ಛಾವಣಿಗೆ ತಾಗುವಷ್ಟು ಕೆಳಗೆ ಹಾರುವ ಹೇಸ್ ಎಂಬಲ್ಲಿದೆ. ಅಲ್ಲಿ ನಡೆದದ್ದನ್ನು ಡೈರಿಯಲ್ಲಿ ಇದ್ದ ಹಾಗೆ, ತಾರೀಖಿನ ಪ್ರಕಾರ ಹೇಳುತ್ತೇನೆ.

ಮೊದಲು ನನ್ನ ಕೆಲಸ ಏನೆಂದು ಹೇಳಬೇಕು. ಚಾಮರಾಜನಗರದ ಕಡೆಯ ಕಾಡೊಂದರಲ್ಲಿ ಸೋಲಿಗರು ನೆಲ್ಲಿಕಾಯಿ ಕೊಯ್ದು ತರುತ್ತಾರೆ. ಎಷ್ಟು ಕೊಯ್ದರು, ಮರದಲ್ಲಿ ಎಷ್ಟು ಬಿಟ್ಟು ಬಂದರು ಎಂದು ಎಣಿಸಿ ಬರೆಯುವ ಸಣ್ಣ ಗುಂಪಿನಲ್ಲಿ ನಾನಿದ್ದೇನೆ. ಕಾಡೂ ಉಳಿಯಬೇಕು, ಕಾಡಿನ ಜನವೂ ಉಣ್ಣಬೇಕು ಎಂಬುದು ನಮ್ಮ ಲೆಕ್ಕದ ಉದ್ದೇಶ. ಹಳೆಯ ಪಟ್ಟಿ, ಚೀಟಿ, ಟೇಪುಗಳನ್ನು ಜೋಡಿಸಿಡುವುದು ಹೇಗೆಂದು ಕಲಿಯಲು ನನ್ನನ್ನು ಲಂಡನ್ನಿಗೆ ಕಳಿಸಿದ್ದರು.

ಉಳಿದುಕೊಂಡದ್ದು ಪಿನ್ನರ್‌ನಲ್ಲಿ, ಧಾರವಾಡದ ಸುಧಕ್ಕನ ಮನೆಯಲ್ಲಿ. ಅವರ ಯಜಮಾನರು ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಪಿನ್ನರ್ ಎಷ್ಟು ಮೌನವಾದ ಬಡಾವಣೆ ಎಂದರೆ, ಆ ಭಾನುವಾರ ಸಂಜೆ ಕಿಟಕಿಯಲ್ಲಿ ಒಂದು ಗಂಟೆ ಕೂತು ಬೀದಿಯಲ್ಲಿ ಹೋದವರನ್ನು ಎಣಿಸಿದೆ: ಮನುಷ್ಯರು ನಾಲ್ಕು, ನಾಯಿಗಳು ಐದು. ಊಟಕ್ಕೆ ಕೂತಾಗ ಸುಧಕ್ಕ ಮಗಳನ್ನು ಕನ್ನಡದಲ್ಲಿ ಒಂಬತ್ತು ಪ್ರಶ್ನೆ ಕೇಳಿದರು. ಒಂಬತ್ತಕ್ಕೂ ಉತ್ತರ ಇಂಗ್ಲಿಷಿನಲ್ಲಿ ಬಂತು. ಇಬ್ಬರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ನಾನು ಇದನ್ನೆಲ್ಲ ಬರೆದುಕೊಳ್ಳುವುದನ್ನು ಸುಧಕ್ಕ ನೋಡಿದರು. "ಏನ ಪದ್ದಿ, ಬಂದ ದಿವಸನ ಲೆಕ್ಕಾ ಬರಿಯಾಕ ಕುಂತಿ? ನನ್ನ ಮನಿ ಚಮಚಾನೂ ಎಣಿಸಿ ಇಟ್ಟೀಯೇನ?"

"ಇಲ್ಲ ಸುಧಕ್ಕ."

"ಎಣಿಸಿ ಇಡವಾ. ಹದಿನೆಂಟು ವರ್ಷ ಆತು, ನನಗಂತೂ ಒಮ್ಮಿನೂ ಲೆಕ್ಕ ಸಿಕ್ಕಿಲ್ಲ."

ಹೇಸ್: ಅಕ್ಟೋಬರ್ 13, ಸೋಮವಾರ

ಎರಡು ಬಸ್ಸು ಬದಲಿಸಿ ಹೇಸ್‌ನಲ್ಲಿ ಇಳಿದಾಗ ಮೊದಲು ಮೂಗಿಗೆ ಬಡಿದದ್ದು ಹುರಿದ ಕಾಫಿ. ಕಾಲುವೆಯ ಪಕ್ಕದಲ್ಲಿ ಕಾಫಿ ಪುಡಿಯ ಕಾರ್ಖಾನೆಯಿದೆ. ಮೈಸೂರಿನ ದೇವರಾಜ ಮಾರುಕಟ್ಟೆಯ ಮಗ್ಗುಲಲ್ಲಿ ನಿಂತ ಹಾಗಾಯಿತು. ಕಣ್ಣು ತೆರೆದರೆ ಬೂದು ಆಕಾಶ, ಇಟ್ಟಿಗೆಯ ಸಾಲು ಮನೆಗಳು, ಲಾರಿಗಳು. ಆ ವಾಸನೆಗೂ ಆ ನೋಟಕ್ಕೂ ಐದು ವಾರವಾದರೂ ಹೊಂದಿಕೆ ಆಗಲಿಲ್ಲ.

ಗೋದಾಮಿನ ಮೇಲ್ವಿಚಾರಕರ ಹೆಸರು ಪ್ರಿಚರ್ಡ್. ಅರುವತ್ತರ ಆಸುಪಾಸಿನ ಬಡಕಲು ಮನುಷ್ಯ. ಮೊದಲ ಗಂಟೆಯಲ್ಲಿ ಹದಿನೇಳು ಸಲ 'ಸಾರಿ' ಅಂದರು. ಅದರಲ್ಲಿ ಎರಡು ಸಲ ಬಾಗಿಲಿಗೆ. ಒಂದು ಕಾಲದಲ್ಲಿ ಆ ಬೀದಿಯಲ್ಲೇ ಗ್ರಾಮಫೋನ್ ತಟ್ಟೆಗಳು ತಯಾರಾಗುತ್ತಿದ್ದವಂತೆ, ನಮ್ಮ ದೇಶಕ್ಕೂ ಬರುತ್ತಿದ್ದವಂತೆ. ನಮ್ಮಜ್ಜನ ಮನೆಯಲ್ಲಿ ಅಂಥ ತಟ್ಟೆಗಳಿದ್ದವು. ಹಾಡಿದವರೆಲ್ಲ ಯಾವತ್ತೋ ತೀರಿಹೋಗಿದ್ದರು, ಮಧ್ಯಾಹ್ನ ಊಟವಾದ ಮೇಲೆ ನಮಗಾಗಿ ಹಾಡುತ್ತಿದ್ದರು. ಆಗ ಅದು ಹೆದರಿಕೆಯ ಸಂಗತಿ ಅಂತ ಯಾರಿಗೂ ಹೊಳೆದಿರಲಿಲ್ಲ.

ಗೋದಾಮಿನ ಒಳಗೆ ಹದಿಮೂರು ಸಾಲು ಕಬ್ಬಿಣದ ಕಪಾಟು. ಬೇರೆ ಬೇರೆ ದೇಶಗಳ ಕಾಡು, ದ್ವೀಪ, ನದಿತೀರಗಳಿಂದ ಯಾರು ಯಾರೋ ಒಟ್ಟುಮಾಡಿ ತಂದದ್ದೆಲ್ಲ ಅಲ್ಲಿ ಡಬ್ಬಿಗಳಲ್ಲಿದೆ. ಸಾಲಿನೊಳಗೆ ಕಾಲಿಟ್ಟರೆ ದೀಪ ತಾನೇ ಹೊತ್ತಿಕೊಳ್ಳುತ್ತದೆ. ಅಲುಗದೆ ಕೂತರೆ ಆರಿಹೋಗುತ್ತದೆ. ಬರೆಯುವವಳು ಅಲುಗುವುದಿಲ್ಲ. ಹೀಗಾಗಿ ಗಂಟೆಗೆ ಏಳೆಂಟು ಸಲ, ಹಾಡುಹಗಲಲ್ಲಿ, ನಾನು ಕತ್ತಲಲ್ಲಿ ಕೂತಿರುತ್ತಿದ್ದೆ. ಕೈ ಬೀಸಿದರೆ ಮತ್ತೆ ಬೆಳಕು.

ಹೇಸ್: ಅಕ್ಟೋಬರ್ 21, ಮಂಗಳವಾರ

ತಪ್ಪು ನಡೆದದ್ದು ಈ ದಿನ. ಮಾಡಿದವಳು ನಾನು.

ಹಿಂದಿನ ದಿನವೇ ಪ್ರಿಚರ್ಡ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಆಸ್ಟ್ರೇಲಿಯದ ಉತ್ತರ ತುದಿಯಿಂದ, ಮಳೆಕಾಡು ಸಮುದ್ರಕ್ಕೆ ಇಳಿಯುವ ತೀರದಿಂದ ಆದಿವಾಸಿ ಕುಟುಂಬವೊಂದರ ಇಬ್ಬರು ಬರುತ್ತಿದ್ದಾರೆ. ಅವರ ಮನೆಯಲ್ಲಿ ಇತ್ತೀಚೆಗೆ ಸಾವಾಗಿದೆ. ತೀರಿಕೊಂಡವರ ಹೆಸರು ಏಳನೆಯ ಸಾಲಿನ ಡಬ್ಬಿಗಳ ಮೇಲಿದೆ, ಅದನ್ನು ಯಾರೂ ಬಾಯಲ್ಲಿ ಹೇಳಬಾರದು. ಇಷ್ಟು ಅದರಲ್ಲಿತ್ತು. ಓದಿದ್ದೆ. ಡೈರಿಗೂ ಇಳಿಸಿಕೊಂಡಿದ್ದೆ.

ಆದರೆ ನಮ್ಮ ತೂಕದ ಜಾಗದಲ್ಲಿ ಒಂದು ಪದ್ಧತಿಯಿದೆ. ಒಬ್ಬರು ಕೂಗಬೇಕು, ಒಬ್ಬರು ಬರೆಯಬೇಕು. ಕೂಗದೆ ಬರೆದ ಲೆಕ್ಕವನ್ನು ಸೋಲಿಗರು ಒಪ್ಪುವುದಿಲ್ಲ. ಯಾರ ಚೀಲ, ಎಷ್ಟು ತೂಕ ಎಂಬುದು ಎಲ್ಲರ ಕಿವಿಗೂ ಬೀಳಬೇಕು. ನಾಲ್ಕು ವರ್ಷದಿಂದ ಹಾಗೇ ಮಾಡಿ ಮಾಡಿ, ಒಬ್ಬಳೇ ಇದ್ದರೂ ಕೂಗಿಕೊಂಡೇ ಬರೆಯುವುದು ನನಗೆ ರೂಢಿಯಾಗಿಬಿಟ್ಟಿದೆ. ಏಳನೆಯ ಸಾಲಿನಲ್ಲಿ ಕೂತು ಡಬ್ಬಿಗಳ ನಂಬರನ್ನೂ ಅದರ ಮೇಲಿನ ಹೆಸರನ್ನೂ ಗಟ್ಟಿಯಾಗಿ ಕೂಗುತ್ತ ಹೋದೆ. ಡಬ್ಬಿಗಳು ಹನ್ನೊಂದು. ಹನ್ನೊಂದರ ಮೇಲೂ ಒಂದೇ ಹೆಸರು. ಯಾರದೋ ಹೆಸರು ಹೇಳುತ್ತಿದ್ದೇನೆ ಅಂತ ಅನ್ನಿಸಲೇ ಇಲ್ಲ. ಲೆಕ್ಕ ಕೂಗುತ್ತಿದ್ದೇನೆ ಅಂದುಕೊಂಡಿದ್ದೆ.

"ಏಯ್! ಸಾಕು! ನಿಲ್ಸು!"

ಕಪಾಟಿನ ಆ ತುದಿಯಲ್ಲಿ ಗಡ್ಡದ ಗಂಡಸೊಬ್ಬ ನಿಂತಿದ್ದ, ಮೂವತ್ತೈದರ ಸುಮಾರಿನವನು. ಅವನ ಹಿಂದೆ ನೀಲಿ ಕೋಟು ತೊಟ್ಟ ಮುದುಕಿಯೊಬ್ಬರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದರು. ಪ್ರಿಚರ್ಡ್ ಗೋಡೆಯಷ್ಟು ಬೆಳ್ಳಗಾಗಿದ್ದರು, 'ಸಾರಿ' ಅನ್ನುವುದೂ ಅವರಿಗೆ ಮರೆತುಹೋಗಿತ್ತು.

ನಾನು ಎದ್ದು ನಿಂತು ಕ್ಷಮಿಸಿ ಅಂದೆ, ನನಗೆ ಕೂಗಿ ಬರೆಯುವ ಅಭ್ಯಾಸ ಅಂದೆ.

"ಹನ್ನೊಂದು ಸಲ ಕರೆದ್ರಿ ನೀವು," ಅಂದ ಆ ಗಂಡಸು, ಈಗ ಮೆಲ್ಲಗೆ. "ಯಾರನ್ನಾದ್ರೂ ಒಂದ್ಸಲ ಕರೆದ್ರೇ ತಿರುಗಿ ನೋಡ್ತಾರೆ."

ನಾವು ನಾಲ್ವರೂ ಏಳನೆಯ ಸಾಲಿನಲ್ಲಿದ್ದೆವು. ಆಗ ಹನ್ನೆರಡನೆಯ ಸಾಲಿನ ದೀಪ ಹೊತ್ತಿಕೊಂಡಿತು. ಕೆಲವು ಕ್ಷಣವಾದ ಮೇಲೆ ಹನ್ನೊಂದನೆಯದು. ಆಮೇಲೆ ಹತ್ತು. ವಿಮಾನ ಹಾದುಹೋದಾಗ ಕಟ್ಟಡ ಅದುರಿ ಹಾಗಾಗುತ್ತದೆ ಎಂದು ಪ್ರಿಚರ್ಡ್ ಆಮೇಲೆ ವಿವರಿಸಿದರು. ಆ ಹೊತ್ತಿಗೆ ವಿಮಾನ ಹೋಯಿತೇ ಎಂದು ಡೈರಿಯಲ್ಲಿ ನೋಡಿದೆ. ಬರೆದಿಲ್ಲ.

ಹೇಸ್: ಅಕ್ಟೋಬರ್ 23, ಗುರುವಾರ

ಮರುದಿನ ಅವರು ಬರಲಿಲ್ಲ. ಗುರುವಾರ ಬಂದು, ಊಟದ ಕೋಣೆಯಲ್ಲಿ ನನ್ನೆದುರು ಕೂತರು. ಮುದುಕಿಯ ಹೆಸರು ಮೇವಿಸ್. ಎಲ್ಲರೂ ಆಂಟಿ ಅನ್ನುತ್ತಾರೆ, ಪ್ರಿಚರ್ಡ್ ಕೂಡ. ಹಿರಿಯ ಹೆಂಗಸನ್ನು ಆಂಟಿ ಅನ್ನುವುದು ಬೆಂಗಳೂರು ಮೈಸೂರುಗಳ ಶೋಕಿ ಎಂದುಕೊಂಡಿದ್ದ ನನಗೆ ಅದು ಅಲ್ಲಿನ ಗೌರವದ ಮಾತೂ ಹೌದೆಂದು ಗೊತ್ತಾಯಿತು. ಗಡ್ಡದವನು ಅವರ ತಮ್ಮನ ಮಗ ಲೆಸ್ಟರ್. ಅವರ ಇಂಗ್ಲಿಷಿಗೆ ಅವರದೇ ಒಂದು ಲಯವಿತ್ತು. ಇಲ್ಲಿ ನಮ್ಮ ಮಾತಿಗೆ ತಂದಿದ್ದೇನೆ.

ತೀರಿಕೊಂಡವರು ಮೇವಿಸ್ ಆಂಟಿಯ ಅಕ್ಕ. ಹೋದ ಮಳೆಗಾಲದಲ್ಲಿ ಸತ್ತರು. ಇನ್ನೊಂದು ಮಳೆಗಾಲ ಕಳೆದು, ಸತ್ತವರನ್ನು ಬೀಳ್ಕೊಡಲು ಹೊಗೆ ಹಾಕುವ ಶಾಸ್ತ್ರ ಮುಗಿಯುವವರೆಗೆ ಅವರ ಹೆಸರು ಹೇಳುವಂತಿಲ್ಲ, ಫೋಟೋ ನೋಡುವಂತಿಲ್ಲ, ದನಿ ಕೇಳುವಂತಿಲ್ಲ.

"ಹಾಗಾದ್ರೆ ಈಗ್ಲೇ ಯಾಕೆ ಬಂದ್ರಿ?" ಅಂದೆ.

"ಮಳೆ ಕಾಯೋಕೆ ಕಚೇರಿಯವರು ಒಪ್ಪಲ್ಲ," ಅಂದ ಲೆಸ್ಟರ್, ಮೇಜಿನ ಮೇಲೆ ಭೂಪಟ ಹರಡುತ್ತ.

ವಿಷಯ ಹೀಗೆ. ಅವರ ನೆಲದ ಪಶ್ಚಿಮದ ಭಾಗ ಕುಟುಂಬದ ಕೈಗೆ ವಾಪಸು ಬಂದಿದೆ. ಪೂರ್ವದ ತೀರವನ್ನು ರಕ್ಷಿತ ವನ ಮಾಡುವ ಯೋಜನೆ ಅಲ್ಲಿನ ಸರಕಾರಿ ಕಚೇರಿಯದು. ಬೆಂಕಿ ಇಲ್ಲ, ಬೇಟೆ ಇಲ್ಲ, ಮನುಷ್ಯರಿಲ್ಲ. ಆ ಜನ ತಲೆತಲಾಂತರದಿಂದ ಪ್ರತಿ ವರ್ಷ ಮಳೆ ನಿಂತ ಮೇಲೆ, ಹುಲ್ಲು ಪೂರ್ತಿ ಒಣಗುವ ಮೊದಲು, ಜಾಗದಿಂದ ಜಾಗಕ್ಕೆ ನಡೆಯುತ್ತ ಸಣ್ಣ ಬೆಂಕಿ ಇಡುತ್ತಾರೆ. ಹಾಗೆ ಮಾಡದಿದ್ದರೆ ಬೇಸಗೆಯ ಕೊನೆಗೆ ಕಾಡು ಪೂರ್ತಿ ಹೊತ್ತಿ ಉರಿಯುತ್ತದೆ. ಯಾವ ಜಾಗಕ್ಕೆ ಯಾವಾಗ, ಯಾವುದರ ನಂತರ ಯಾವುದು ಎಂಬ ಕ್ರಮವನ್ನು ತಿಂಗಳ ಕೊನೆಯೊಳಗೆ ತೋರಿಸಿದರೆ ಪೂರ್ವದ ತೀರವೂ ಅವರ ಉಸ್ತುವಾರಿಯಲ್ಲೇ ಉಳಿಯುತ್ತದೆ. ಆ ಕ್ರಮ ಪೂರ್ತಿ ಗೊತ್ತಿದ್ದವರು ಅಕ್ಕ ಒಬ್ಬರೇ.

"ನಿಮಗೆ ಗೊತ್ತಿಲ್ವಾ ಆಂಟಿ?"

"ನನ್ನನ್ನ ಆರನೇ ವಯಸ್ಸಿಗೆ ಸರಕಾರದವ್ರು ದೂರದ ಶಾಲೆಗೆ ಒಯ್ದುಬಿಟ್ರು. ಕೇಳಿ ಒಯ್ಯಲಿಲ್ಲ. ತಿರುಗಿ ಬಂದಾಗ ಮೂವತ್ತೊಂದು. ಪಶ್ಚಿಮದ್ದು ಕಲಿತೆ. ಪೂರ್ವದ್ದು ಮುಂದಿನ ವರ್ಷ, ಮುಂದಿನ ವರ್ಷ ಅಂತ..."

ಅಕ್ಕ ಇಪ್ಪತ್ತರ ಹುಡುಗಿಯಾಗಿದ್ದಾಗ ಇಂಗ್ಲಿಷ್ ಸಂಗ್ರಹಕಾರನೊಬ್ಬ ಟೇಪು ಯಂತ್ರ ಹೊತ್ತುಕೊಂಡು ಅವರ ಜೊತೆ ಪೂರ್ವದ ದಾರಿ ಪೂರ್ತಿ ನಡೆದಿದ್ದ. ಆ ಸುರುಳಿ ಏಳನೆಯ ಸಾಲಿನ ಹನ್ನೊಂದನೆಯ ಡಬ್ಬಿಯಲ್ಲಿದೆ. ಕಾಗದದಲ್ಲಿ ಅವನು ಏನೂ ಬರೆದಿಡಲಿಲ್ಲ. ಅವರಿಗೆ ಬೇಕಾದದ್ದು ಆ ದನಿಯೊಳಗಿದೆ, ಅವರು ಕೇಳಬಾರದ್ದೂ ಅದೇ ದನಿ.

ಇದನ್ನು ಕೇಳುವಾಗ ನನಗೆ ನಮ್ಮ ಕಾಡೇ ಕಣ್ಣಮುಂದೆ ಬಂತು. ಸೋಲಿಗರೂ ಮೊದಲು ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದು ನಿಂತ ಮೇಲೆ ಲಂಟಾನದ ಕಳೆ ಆಳೆತ್ತರ ಬೆಳೆದು ನೆಲ್ಲಿಯ ಸಸಿಗಳು ಮೇಲೇಳಲಿಲ್ಲ. ಒಂದು ವರ್ಷ ನಾನೇ ಒಂದು ಇಳಿಜಾರಿನಲ್ಲಿ ಮರ ಎಣಿಸಿ 'ಫಸಲು ಕಡಿಮೆ' ಎಂದು ಸತ್ಯವಾದದ್ದನ್ನೇ ಬರೆದಿದ್ದೆ. ಆ ಹಾಳೆ ಎಲ್ಲೆಲ್ಲಿಗೋ ಹೋಗಿ, ಆ ಇಳಿಜಾರಿಗೆ ಯಾರೂ ಕಾಲಿಡಬಾರದು ಎಂದಾಯಿತು. ಜಡೆಮಾದಮ್ಮ ಎಂಬ ಹೆಂಗಸು ನನ್ನ ಡೈರಿಯನ್ನು ಬೆರಳಿಂದ ತಟ್ಟಿ, "ನಿನ್ನ ಬುಕ್ಕು ನಮ್ಮನ್ನ ಆಚೆಗಾಕ್ತು ಕನವ್ವ," ಅಂದಿದ್ದಳು. ಕೋಪದಿಂದಲ್ಲ, ಮಳೆ ಬರುತ್ತೆ ಅನ್ನುವ ಹಾಗೆ.

ಹೊರಡುವ ಮುನ್ನ ಪ್ರಿಚರ್ಡ್ ಚಹಾ ತಂದರು. ತಟ್ಟೆಯಲ್ಲಿ ಐದು ಕಪ್ಪು. ನಾವು ನಾಲ್ವರು. ಅವರೂ ಎರಡು ಸಲ ಎಣಿಸಿ, "ಸಾರಿ, ನಾನು ಯಾಕೆ..." ಅಂದರು. ಮೇವಿಸ್ ಆಂಟಿ ಐದನೆಯದನ್ನು ವಾಪಸು ಕಳಿಸಲು ಬಿಡಲಿಲ್ಲ.

ಟೂಟಿಂಗ್: ಅಕ್ಟೋಬರ್ 25, ಶನಿವಾರ

ದೀಪಾವಳಿ. ತಪ್ಪಿಗೆ ಏನಾದರೂ ಮಾಡಬೇಕು ಅನ್ನಿಸಿ ಇಬ್ಬರನ್ನೂ ನಮ್ಮ ಕಡೆಯ ಹೋಟೆಲುಗಳಿರುವ ಟೂಟಿಂಗ್‌ಗೆ ಊಟಕ್ಕೆ ಕರೆದುಕೊಂಡು ಹೋದೆ. ಟ್ಯೂಬ್ ಎಂಬ ನೆಲದಡಿಯ ರೈಲಿನಲ್ಲಿ ಲಂಡನ್ನನ್ನು ಮೂಲೆಯಿಂದ ಮೂಲೆಗೆ ದಾಟಬೇಕು. ಎದುರಿಗೆ ಕೂತ ಹದಿನಾಲ್ಕು ಜನರಲ್ಲಿ ಒಬ್ಬರೂ ನಮ್ಮ ಮುಖ ನೋಡಲಿಲ್ಲ. ನಮ್ಮ ಕಡೆಯ ರೈಲಾಗಿದ್ದರೆ ಅಷ್ಟು ಹೊತ್ತಿಗೆ ಮೇವಿಸ್ ಆಂಟಿಗೆ ಮಕ್ಕಳೆಷ್ಟು ಎಂಬುದು ಬೋಗಿಗೆಲ್ಲ ತಿಳಿದಿರುತ್ತಿತ್ತು.

ಲೆಸ್ಟರ್‌ನ ಮುಂದೆ ದೋಸೆ ಇಟ್ಟಾಗ ಅವನು ಅದರ ಒಂದು ತುದಿ ಎತ್ತಿ ಕೆಳಗೆ ಬಗ್ಗಿ ನೋಡಿದ. "ಇದರಲ್ಲಿ ದೋಣಿಗೆ ಹಾಯಿ ಕಟ್ಟಬಹುದು ಆಂಟಿ."

"ತಿನ್ನು ಸುಮ್ನೆ. ಆ ಹುಡುಗಿ ಏನಂದ್ಕೋತಾಳೆ?"

"ಅವಳು ಏನೂ ಅಂದ್ಕೊಳ್ಳಲ್ಲ, ಬರ್ಕೋತಾಳೆ."

ನಿಜ, ಬರೆದುಕೊಂಡೆ. ಮೂವರೂ ನಕ್ಕೆವು. ಆ ನಗುವಿನಲ್ಲೇ ನಾನು ನಮ್ಮ ಮನೆಯ ತಿಥಿಯ ಸಂಗತಿ ಹೇಳಿದೆ. ಅಪ್ಪ ಪ್ರತಿ ವರ್ಷ ತನ್ನ ಅಪ್ಪ, ಅಜ್ಜ, ಮುತ್ತಜ್ಜ ಮೂವರನ್ನೂ ಹೆಸರು ಹಿಡಿದು ಕರೆಯುತ್ತಾರೆ, ಬಂದು ಊಟ ಮಾಡಲಿ ಎಂದು.

ಮೇವಿಸ್ ಆಂಟಿ ಕೈ ತೊಳೆಯಲು ಎದ್ದವರು ಮತ್ತೆ ಕೂತರು. "ಹೆಸರು ಕೂಗಿದ್ರೆ ಬರ್ತಾರೆ ಅಂತ ನಿಮಗೂ ಗೊತ್ತು ಹಾಗಾದ್ರೆ."

"ಗೊತ್ತು," ಅಂದೆ. ಅಲ್ಲಿಯವರೆಗೆ ಅದನ್ನು ಹಾಗೆ ನೋಡಿರಲಿಲ್ಲ. ನಾವು ಬರಲಿ ಎಂದು ಕರೆಯುತ್ತೇವೆ, ಅವರು ಬಾರದಿರಲಿ ಎಂದು ಕರೆಯುವುದಿಲ್ಲ. ನಂಬಿಕೆ ಮಾತ್ರ ಒಂದೇ.

"ಬಂದ ಮೇಲೆ ನಿಮ್ಮಪ್ಪ ಎದ್ದು ಹೋಗ್ತಾರಾ?"

"ಇಲ್ಲ. ಊಟ ಮುಗಿಯೋ ತನಕ ಕೂತಿರ್ತಾರೆ."

"ಹಾಗೆ." ಅವರು ನನ್ನ ಕಡೆ ಬೆರಳು ಮಾಡಿದರು. "ಕರೆದವಳು ನೀನು. ನೀನು ನಮ್ಮ ಪೈಕಿ ಯಾರೂ ಅಲ್ಲ, ನಿನ್ನ ಕಿವಿಗೆ ಅವಳ ದನಿ ಬಿದ್ರೆ ದೋಷ ಇಲ್ಲ. ನೀನು ಕೂತು ಕೇಳು. ಅವಳು ಹೇಳಿದ್ದನ್ನ ಬರಿ. ನೀನೊಬ್ಬಳೇ ಕೇಳ್ಬೇಕು. ಪ್ರತಿ ಮಾಡಬಾರ್ದು."

ಮಾಣಿ ನೀರು ತಂದ. ಮೂರು ಲೋಟ ಇಟ್ಟ, ನಾಲ್ಕನೆಯದನ್ನು ಖಾಲಿ ಕುರ್ಚಿಯ ಮುಂದೆ ಇಟ್ಟ. ನಾವು ಮೂವರೇ ಅಂದೆ. ಅವನು ಬಾಗಿಲ ಕಡೆ ನೋಡಿದ, ಕುರ್ಚಿಯ ಕಡೆ ನೋಡಿದ, ಲೋಟ ಎತ್ತಿಕೊಂಡು ಹೋದ. ಬಿಲ್ಲು ತರಲು ಬೇರೆ ಮಾಣಿ ಬಂದ.

ಹೇಸ್: ಅಕ್ಟೋಬರ್ 28, ಮಂಗಳವಾರ

ಭಾನುವಾರ ಇಡೀ ದೇಶ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡಿತ್ತು. ಹಾಗೆ ಸಿಕ್ಕಿದ ಗಂಟೆಯನ್ನು ಡೈರಿಯಲ್ಲಿ ಎಲ್ಲಿ ಬರೆಯಬೇಕೆಂದು ತಿಳಿಯದೆ ಬಿಟ್ಟುಬಿಟ್ಟೆ. ಮಂಗಳವಾರ ಮಧ್ಯಾಹ್ನವೇ ಕಿಟಕಿಯ ಹೊರಗೆ ಮಬ್ಬು.

ಕೇಳುವ ಕೋಣೆಯ ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ್ದಾರೆ. ನಮ್ಮ ಉಸಿರು ನಮಗೇ ಕೇಳುತ್ತದೆ. ಪ್ರಿಚರ್ಡ್ ಸುರುಳಿಯನ್ನು ಯಂತ್ರಕ್ಕೆ ಏರಿಸಿದರು. "ಆ ಕಾಲದ ಟೇಪುಗಳಿಗೆ ಒಂದು ರೋಗ. ದನಿ ಹಿಡಿದಿಟ್ಟಿರೋ ಲೇಪ ಓಡುವಾಗ್ಲೇ ಉದುರಿಹೋಗುತ್ತೆ. ಒಂದು ಸಲ ಕೇಳಬಹುದು. ಎರಡನೇ ಸಲ ದೇವರಿಗೇ ಗೊತ್ತು. ಮೂರನೇ ಸಲ ಇಲ್ಲ. ಸಾರಿ." ಬಾಗಿಲು ಎಳೆದುಕೊಂಡು ಹೋದರು.

ಮೇವಿಸ್ ಆಂಟಿ ನನಗೆ ಅವರ ಭಾಷೆಯ ಮೂರು ಪದ ಕಲಿಸಿದ್ದರು: ಮೊದಲ ಚಳಿಗೆ ಸುಡುವುದು, ಹುಲ್ಲು ಬಾಗಿದ ಮೇಲೆ ಸುಡುವುದು, ಸುಡದಿರುವುದು. ಆ ಪದಗಳನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಅನುಮತಿ ಕೇಳಿಲ್ಲ. ಜಾಗಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ. ಅವರ ಮಾತಿನಲ್ಲೂ ನಮ್ಮ ಹಾಗೆ ನಾಲಿಗೆ ಮಡಿಸಿ ಆಡುವ ಸದ್ದುಗಳಿವೆ.

ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡೆ. ಹುಲ್ಲಿನಲ್ಲಿ ನಡೆಯುವ ಸದ್ದು. ಆಮೇಲೆ ಆ ದನಿ. ಸತ್ತ ಮುದುಕಿಯ ದನಿ ಕೇಳಲು ಸಿದ್ಧಳಾಗಿ ಕೂತಿದ್ದೆ. ಅದು ನನಗಿಂತ ಚಿಕ್ಕ ಹುಡುಗಿಯ ದನಿ, ನಡೆದು ಸ್ವಲ್ಪ ಏದುಸಿರು ಬಿಡುತ್ತಿತ್ತು. ಜಾಗದ ಹೆಸರು ಹೇಳುತ್ತಾಳೆ. ಉದ್ದಕ್ಕೆ ಒಂದು ಕೂಗು ಹಾಕುತ್ತಾಳೆ, ನೆಂಟರ ಮನೆಯ ಅಂಗಳದಲ್ಲಿ ನಿಂತು ನಾವು ಕೂಗುವ ಹಾಗೆ. ಕಾಯುತ್ತಾಳೆ. ಉತ್ತರ ಬಂತು ಅನ್ನುವಂತೆ ಒಂದು 'ಹ್ಞೂಂ'. ಆಮೇಲೆ ಮೂರರಲ್ಲಿ ಒಂದು ಪದ. ಮತ್ತೆ ನಡಿಗೆ. ಹೀಗೆ ಒಂದು, ಎರಡು, ಏಳು, ಹದಿಮೂರು.

ಹದಿನಾಲ್ಕನೆಯ ಜಾಗದಲ್ಲಿ ಕೂಗಿದಳು. ಕಾದಳು. ನನ್ನ ಗಡಿಯಾರದ ಪ್ರಕಾರ ನಲವತ್ತು ಸೆಕೆಂಡು. 'ಹ್ಞೂಂ' ಬರಲಿಲ್ಲ. ಆಗ ಸಂಗ್ರಹಕಾರ ಇಂಗ್ಲಿಷಿನಲ್ಲಿ ಕೇಳಿದ: "ಇಲ್ಲೇ ತಂಗೋಣವೇ? ನೀರಿದೆ, ನೆಲ ಸಮತಟ್ಟಾಗಿದೆ."

ಅವಳೂ ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ: "ಇಲ್ಲಿ ಬೆಂಕಿ ಇಲ್ಲ. ಮಲಗೋದೂ ಇಲ್ಲ. ಮಾತಾಡ್ಬೇಡ, ಬಾ."

ಸ್ವಲ್ಪ ನಡಿಗೆ. ನಿಂತಳು. "ಯಾರದು, ಬರೀತಾ ಇರೋದು?"

"ಯಾರೂ ಇಲ್ಲ," ಅಂದ ಅವನು. "ನಾನೊಬ್ಬನೇ. ನನ್ನ ಕೈಯಲ್ಲಿ ಪೆನ್ನೇ ಇಲ್ಲ."

ನನ್ನ ಪೆನ್ನು ನಿಂತುಹೋಯಿತು. ಟೇಪಿನಲ್ಲಿ ಸದ್ದಿಲ್ಲ. ಅವಳು ಕಿವಿಗೊಟ್ಟು ಕೇಳುತ್ತಿದ್ದಾಳೆ ಅನ್ನಿಸಿತು. ಕೋಣೆಯ ದೀಪ ಆರಿತು, ಕೈ ಬೀಸಲು ಧೈರ್ಯವಾಗಲಿಲ್ಲ. ಕತ್ತಲಲ್ಲಿ ಅವಳು ಮತ್ತೆ ನಡೆಯತೊಡಗಿದಳು, ಹದಿನೈದನೆಯ ಜಾಗದ ಹೆಸರು ಹೇಳಿದಳು, ಕೂಗಿದಳು, 'ಹ್ಞೂಂ' ಅಂದಳು. ನಾನು ಕಾಣದ ಹಾಳೆಯ ಮೇಲೆ ಬರೆದುಕೊಂಡು ಹೋದೆ. ಒಟ್ಟು ಇಪ್ಪತ್ತೊಂದು ಜಾಗ.

ಲೆಕ್ಕವನ್ನು ಎರಡು ಸಲ ನೋಡದೆ ಬಿಡುವವಳಲ್ಲ ನಾನು. ಪ್ರಿಚರ್ಡ್‌ರನ್ನು ಕರೆದು ಸುರುಳಿಯನ್ನು ಮತ್ತೆ ಏರಿಸಲು ಹೇಳಿದೆ. ಎರಡನೆಯ ಸಲ ಇಪ್ಪತ್ತೇ ಜಾಗ. ಹದಿಮೂರರ ಆಮೇಲೆ ಬರೀ ಉಸ್ ಎಂಬ ಸದ್ದು, ಆಮೇಲೆ ನೇರ ಹದಿನೈದು. ಪ್ರಿಚರ್ಡ್ ಯಂತ್ರದ ತಲೆಯನ್ನು ಹತ್ತಿಯಿಂದ ಒರೆಸಿದರು. ಹತ್ತಿಗೆ ಕಂದು ಪುಡಿ ಅಂಟಿಕೊಂಡಿತ್ತು. "ಇಷ್ಟೇ ಅದು," ಅಂದರು, ಪುಡಿ ತೋರಿಸಿ.

ಕೋಣೆಯ ಹೊರಗೆ ಲೆಸ್ಟರ್ ಕಾಯುತ್ತಿದ್ದ. ಭೂಪಟದಲ್ಲಿ ಪೂರ್ವ ತೀರದ ಒಂದು ಕಡೆ ನೀಲಿ ಪೆನ್ನಿನಲ್ಲಿ ಆರು ಚೌಕಗಳನ್ನು ಬರೆದಿದ್ದ. ಕುಟುಂಬದವರೇ ನಡೆಸುವ ಪ್ರವಾಸಿಗರ ಬಿಡಾರ: ಆರು ಕೋಣೆ, ಒಂದು ದೋಣಿ, ನೋಡಲು ಬರುವವರಿಗೆ ತಾವೇ ಹಾಕುವ ನಿಯಮ. ಆ ಜಾಗದ ಹೆಸರು ಹೇಳಿ, "ಇದು ಬಂತಾ?" ಅಂದ.

ಹದಿನಾಲ್ಕನೆಯದು. ನೀರಿದೆ, ನೆಲ ಸಮತಟ್ಟಾಗಿದೆ. ಅಲ್ಲಿ ಕೇಳಿದ್ದನ್ನು ಹೇಳಿದೆ. ಎರಡನೆಯ ಸಲ ಅದು ಇರಲಿಲ್ಲ ಎಂಬುದನ್ನೂ ಹೇಳಿದೆ.

ಅವನು ನೀಲಿ ಪೆನ್ನಿಗೆ ಮುಚ್ಚಳ ಹಾಕಿದ. "ನಾನು ಗಣಿಯಲ್ಲಿ ಕೆಲಸ ಮಾಡ್ತೀನಿ. ಹದಿನೈದು ದಿನ ಗಣಿ, ಆರು ದಿನ ಮನೆ. ಏಳು ವರ್ಷ ಆಯ್ತು. ನಾನು ಬಾಗಿಲಿಗೆ ಬಂದ್ರೆ ನನ್ನ ಮಗಳು ಅವರಮ್ಮನಿಗೆ, 'ಆ ಅಂಕಲ್ ಬಂದ್ರು' ಅಂತಾಳೆ. ನನ್ನ ಹಾಗೆ ಇನ್ನೂ ಒಂಬತ್ತು ಜನ ಇದ್ದಾರೆ. ಬಿಡಾರ ಆದ್ರೆ ಎಲ್ಲರೂ ಮನೆಗೆ ಬರ್ತೀವಿ."

"ಗೊತ್ತಾಯ್ತು."

"ಒಂದ್ಸಲ ಇತ್ತು, ಒಂದ್ಸಲ ಇರ್ಲಿಲ್ಲ. ಕೇಳಿದವ್ರು ನೀವೊಬ್ರೇ. ಇನ್ಮೇಲೆ ಯಾರೂ ಕೇಳೋಕಾಗಲ್ಲ. ಇಲ್ಲದ್ದನ್ನ ಯಾಕೆ ಬರೀಬೇಕು?"

ಜಡೆಮಾದಮ್ಮನ ಬೆರಳು ಡೈರಿಯ ಮೇಲೆ ತಟ್ಟುತ್ತಿರುವ ಹಾಗಿತ್ತು. ನನ್ನ ಒಂದು ಸತ್ಯವಾದ ಹಾಳೆಗೆ ಒಂದು ಊರೇ ಆಚೆಗೆ ಬಿದ್ದಿತ್ತು. ಈಗ ಹತ್ತು ಗಂಡಸರು ಮನೆಗೆ ಬರುವುದು ಇನ್ನೊಂದು ಹಾಳೆಯ ಮೇಲೆ ನಿಂತಿತ್ತು.

ಪಿನ್ನರ್‌ನಲ್ಲಿ ಸುಧಕ್ಕ ಅನ್ನ ಬಡಿಸುವಾಗ ಸುಮ್ಮನೆ ಕೇಳಿದೆ: "ಎರಡು ಸಲ ಎಣಿಸಿ ಎರಡು ಲೆಕ್ಕ ಬಂದ್ರೆ ಯಾವುದನ್ನ ಬರೀಬೇಕು ಸುಧಕ್ಕ?"

"ಎರಡೂ ಬರಿ. ನಮ್ಮನಿಯವರು ಬಿಪಿ ಎರಡ ಸರತಿ ನೋಡತಾರ, ಎರಡೂ ಬರೀತಾರ. ಛಲೋ ಬಂದದ್ದಷ್ಟ ಬರದ್ರ ಪೇಷಂಟ್ ಉಳೀತಾನೇನ? ಸಾರು ಹಾಕ್ಲಿ?"

ಹೇಸ್: ಅಕ್ಟೋಬರ್ 29, ಬುಧವಾರ

ಊಟದ ಕೋಣೆಯ ಮೇಜಿನ ಮೇಲೆ ಭೂಪಟ. ಒಂದು ಕಡೆ ಮೇವಿಸ್ ಆಂಟಿ, ಇನ್ನೊಂದು ಕಡೆ ಲೆಸ್ಟರ್. ನಾನು ಪಟ್ಟಿ ಓದಿದೆ, ಕೂಗಿ ಅಲ್ಲ, ಅವರಿಬ್ಬರಿಗೆ ಕೇಳುವಷ್ಟೇ. ಒಂದೊಂದು ಹೆಸರಿಗೂ ಮೇವಿಸ್ ಆಂಟಿ ಕಣ್ಣು ಮುಚ್ಚಿ ಬೆರಳಿನಿಂದ ಭೂಪಟದಲ್ಲಿ ಒಂದು ಚುಕ್ಕೆ ಮುಟ್ಟುತ್ತಿದ್ದರು. ಲೆಸ್ಟರ್ ಅಲ್ಲಿ ನಂಬರು ಬರೆಯುತ್ತಿದ್ದ. ಹದಿಮೂರಾಯಿತು.

ಲೆಸ್ಟರ್ ನನ್ನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಪೆನ್ನಿನ ಕಡೆ ನೋಡುತ್ತಿದ್ದ.

"ಹದಿನಾಲ್ಕು," ಅಂದೆ, ಹೆಸರು ಓದಿದೆ. "ಮೊದಲನೇ ಸಲ, ಬೆಂಕಿ ಇಲ್ಲ, ಮಲಗೋದೂ ಇಲ್ಲ ಅಂದ್ರು. ಎರಡನೇ ಸಲ ಈ ಜಾಗವೇ ಬರ್ಲಿಲ್ಲ. ಟೇಪು ಉದುರಿತ್ತು. ಎರಡನ್ನೂ ಬರೆದಿದ್ದೀನಿ."

ಮೇವಿಸ್ ಆಂಟಿ ಕಣ್ಣು ತೆರೆದರು. "ಹೇಗೆ ಅಂದ್ಳು? ಬೈದ ಹಾಗಾ?"

"ಇಲ್ಲ. ರಸ್ತೆ ದಾಟುವಾಗ ಮಕ್ಕಳ ಕೈ ಹಿಡ್ಕೊಂಡು ಹೇಳ್ತೀವಲ್ಲ, ಹಾಗೆ."

"ಮತ್ತೇನಾದ್ರೂ ಅಂದ್ಳಾ?"

ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಹೇಳಿದೆ. "ಯಾರು ಬರೀತಾ ಇರೋದು ಅಂತ ಕೇಳಿದ್ರು. ಆ ಮನುಷ್ಯ, ಯಾರೂ ಇಲ್ಲ, ನನ್ನ ಹತ್ರ ಪೆನ್ನೇ ಇಲ್ಲ ಅಂದ."

ಮೇವಿಸ್ ಆಂಟಿಯ ಮುಖದಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ. "ನೀನು ಏನಂದೆ?"

"ನಾನಾ? ಏನೂ ಅನ್ಲಿಲ್ಲ."

"ಕೇಳಿದಾಗ ಹೇಳ್ಬೇಕಮ್ಮ. ಯಾವೂರು, ಯಾರ ಮಗಳು, ಯಾತಕ್ಕೆ ಬಂದೆ ಅಂತ. ಸದ್ದಿಲ್ದೆ ಕೂತು ಬರ್ಕೊಂಡು ಹೋಗೋರನ್ನ ನಾವು ತುಂಬ ನೋಡಿದ್ದೀವಿ." ಅದು ಬೈಗುಳವಾಗಿರಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. ಅವರು ಭೂಪಟದ ಆರು ಚೌಕಗಳ ಮೇಲೆ ಅಂಗೈ ಇಟ್ಟರು. ಒತ್ತಲಿಲ್ಲ, ಜ್ವರ ನೋಡುವ ಹಾಗೆ ಇಟ್ಟರು. ಆಮೇಲೆ ಕೈ ತೆಗೆದು ಲೆಸ್ಟರ್‌ನ ಕಡೆ ತಿರುಗಿದರು. ನಿರ್ಧಾರವನ್ನು ಹೇಳಲಿಲ್ಲ.

"ಇನ್ನೊಂದು ಜಾಗ ಹುಡುಕಿ, ನೀರು ನೋಡಿ, ಮತ್ತೆ ಎಲ್ಲರನ್ನೂ ಒಪ್ಪಿಸಿ... ಎಷ್ಟು ವರ್ಷ ಆಗುತ್ತೆ ಗೊತ್ತಾ ಆಂಟಿ?" ಅಂದ ಲೆಸ್ಟರ್.

"ಗೊತ್ತು."

"ನನ್ನ ಮಗಳು ಅಷ್ಟು ಹೊತ್ತಿಗೆ ದೊಡ್ಡವಳಾಗಿರ್ತಾಳೆ."

"ಗೊತ್ತಪ್ಪ."

ಅವನು ನನ್ನ ಪಟ್ಟಿಯನ್ನು ಎಳೆದುಕೊಂಡು ಹದಿನಾಲ್ಕನೆಯ ಸಾಲು ನೋಡಿದ. ಕನ್ನಡ ಅಕ್ಷರ ಅವನಿಗೆ ಓದಲು ಬರುವುದಿಲ್ಲ, ಆದರೂ ನೋಡಿದ. ಎರಡು ಲೆಕ್ಕ ಅಕ್ಕಪಕ್ಕದಲ್ಲಿದ್ದವು. ಬೇಕಾದದ್ದನ್ನು ಆರಿಸಿಕೊಳ್ಳಬಹುದಿತ್ತು. ಮೇವಿಸ್ ಆಂಟಿ ತಡೆಯುತ್ತಿರಲಿಲ್ಲ ಎಂದೇ ಇವತ್ತಿಗೂ ನನಗೆ ಅನ್ನಿಸುತ್ತದೆ. ಅವನು ಪೆನ್ನು ತೆಗೆದುಕೊಂಡು ತಾನೇ ಬರೆದ ಆರು ಚೌಕಗಳ ಮೇಲೆ, ಒಂದೊಂದರ ಮೇಲೂ, ಅಡ್ಡಗೆರೆ ಎಳೆದ. ಆರನೆಯದಕ್ಕೆ ಎಷ್ಟು ಒತ್ತಿದನೆಂದರೆ ಪೆನ್ನಿನ ಮೊನೆ ಕಾಗದ ತೂರಿ ಮೇಜಿಗೆ ತಾಗಿತು. "ಹದಿನೈದು ಓದಿ," ಅಂದ.

ಓದಿದೆ. ಇಪ್ಪತ್ತೊಂದರವರೆಗೆ.

ಮರುದಿನ ಅವರು ಹೊರಟರು. ಪೂರ್ವದ ತೀರದ ಉಸ್ತುವಾರಿ ಅವರಿಗೇ ಉಳಿಯಿತೆಂದು ಹೊಸ ವರ್ಷದ ಹೊತ್ತಿಗೆ ಪ್ರಿಚರ್ಡ್ ಬರೆದ ಕಾಗದದಿಂದ ತಿಳಿಯಿತು. ಲೆಸ್ಟರ್ ಗಣಿಗೆ ವಾಪಸು ಹೋಗಿದ್ದಾನೆ ಎಂಬುದೂ ಅದರಲ್ಲೇ ಇತ್ತು, ಒಂದು 'ಸಾರಿ' ಸಮೇತ. ಊಟದ ಕೋಣೆಯ ಮೇಜಿನ ಮೇಲೆ ಉಳಿದ ನೀಲಿ ಚುಕ್ಕೆಯನ್ನು ಶುಚಿ ಮಾಡುವ ಹೆಂಗಸು ಎರಡು ದಿನ ಉಜ್ಜಿದಳು, ಹೋಗಲಿಲ್ಲ. ನಾನು ಹೇಸ್‌ನಲ್ಲಿ ಇನ್ನೂ ಎರಡು ವಾರ ಇದ್ದೆ. ಊಟದ ಡಬ್ಬಿಯನ್ನು ಆ ಚುಕ್ಕೆಯ ಮೇಲೆ ಒಂದು ದಿನವೂ ಇಡಲಿಲ್ಲ.